ಖಾಲಿ ಕೋಣೆಯ ಮೂವತ್ತು ಸೆಕೆಂಡು

ಇಪ್ಪತ್ತೆರಡು ವರ್ಷ ಆಟೋದ ಹಿಂದಿನ ಸೀಟಲ್ಲಿ ಕೂತು
ಶಿಡ್ಲಘಟ್ಟಕ್ಕೆಲ್ಲ ಕೇಳುವಂತೆ ಕೂಗಿದವನು ನಾನು.
ಸೀರೆ ಮೇಳ, ಕಣ್ಣಿನ ತಪಾಸಣೆ, ಕಳೆದುಹೋದ ಮಗು,
ನಾಳೆ ನಲ್ಲಿಯಲ್ಲಿ ನೀರಿಲ್ಲ—
ಗೂಡಿನ ಮಾರ್ಕೆಟ್ಟಿನ ಗದ್ದಲದ ಮೇಲೆ ತೇಲಬೇಕು,
ಹಾಗೆ ಹುರಿಗೊಂಡ ಗಂಟಲು.

ಈಗ ಈ ಅಂಗೈಯಗಲದ ಮೈಕು ಹೇಳುತ್ತದೆ, ಕೂಗಬೇಡ.
ಮೊದಲ ದಿನ ಪರದೆಯ ಮೇಲೆ ನನ್ನ ದನಿ
ಮೇಲೂ ಕೆಳಗೂ ಕತ್ತರಿಸಿಹೋಗಿ
ಬರೀ ಇಟ್ಟಿಗೆ ಗೋಡೆ.
"ಲೋಟ ಹಿಡಿದವರ ಮುಂದೆ ಕೊಡ ಬಗ್ಗಿಸಿದ್ಯಲ್ಲ"
ಅಂದಳು ಗಂಗರತ್ನ.

ಕೋಣೆ ಅಂದರೆ ಅವಳು ಹಿಂದೆ ಹುಳು ಸಾಕುತ್ತಿದ್ದ ಮನೆ.
ಚಂದ್ರಿಕೆಗಳನ್ನು ಅಟ್ಟಕ್ಕೆ ಏರಿಸಿದೆವು.
ಗೋಡೆಗೆ ಗೋಣಿ, ಗೋಣಿಯ ಮೇಲೆ
ಅವಳ ಅವ್ವ ಹೊಲಿದ ಬೊಂತೆ,
ಕಿಟಕಿಗೆ ಅಡ್ಡ ನಿಲ್ಲಿಸಿದ ಹಳೇ ಹಾಸಿಗೆ.
ಯಾರೋ ಮೊಟ್ಟೆಯ ಟ್ರೇ ಅಂಟಿಸಿ ಅಂದರು.
ಅಂಟಿಸಿದೆವು. ಇಲಿ ಬಂತು, ಸದ್ದು ಹೋಗಲಿಲ್ಲ.
ಪ ಫ ಬ ಭ ಮೈಕಿಗೆ ಗುದ್ದುತ್ತವೆಂದು
ಜರಡಿಯ ಬಳೆಗೆ ಹರಿದ ಸೆರಗು ಬಿಗಿದಳು.
ಐವತ್ತು ದಾಟಿದ ಮೇಲೆ ಗೊತ್ತಾಯಿತು
ನನ್ನ ಮಾತಲ್ಲಿ ಎಷ್ಟು ಗಾಳಿಯಿತ್ತೆಂದು.

ಪಕ್ಕದ ಗೋಡೆಗೇ ಇಮ್ದಾದ್ ಸಾಬರ ಫಿಲೇಚರು.
ಬೆಳಗ್ಗೆ ಐದಕ್ಕೆ ರಾಟೆ ಹತ್ತಿದರೆ ಸಂಜೆಯ ತನಕ ಗರಗರ.
ನಿಲ್ಲಿಸಿ ಅನ್ನುವ ಬಾಯಿ ನನಗಿಲ್ಲ,
ಬೆಂದ ಗೂಡಿನ ಆ ಎಳೆಯಲ್ಲಿ ಹನ್ನೊಂದು ಮನೆಯ ಅನ್ನ.
ಕರೆಂಟು ಹೋದರೆ ಮಾತ್ರ ರಾಟೆ ನಿಲ್ಲುತ್ತದೆ.
ಬೀದಿಯೆಲ್ಲ ಶಾಪ ಹಾಕುವ ಆ ಗಳಿಗೆಗೆ
ನಾನು ಚಪ್ಪಲಿ ಬಿಟ್ಟು ಒಳಗೆ ಓಡುತ್ತೇನೆ.
ಬ್ಯಾಟರಿ ಎಪ್ಪತ್ತೆರಡು, ಫ್ಯಾನಿಲ್ಲ, ಬನಿಯನ್ನೂ ಇಲ್ಲ,
ಬೆವರಿನ ಬಾಯಲ್ಲಿ ತಣ್ಣಗೆ:
"ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ."
ಹನ್ನೆರಡು ಸಲ.
ಹತ್ತನೆಯದರಲ್ಲಿ ಎಂಜಲು ನುಂಗಿದೆ, ಹನ್ನೊಂದರಲ್ಲಿ ಹಲ್ಲಿ.

ಕೇಳಿದವರು ಅಂದರು, ದನಿ ಪರವಾಗಿಲ್ಲ,
ಎಲ್ಲೋ ಒಂಚೂರು ತೆಲುಗು ಹೊಡೆಯುತ್ತದೆ.
ಅಮ್ಮ ಬೈದದ್ದು ತೆಲುಗಲ್ಲಿ, ಮೇಷ್ಟ್ರು ಬೈದದ್ದು ಕನ್ನಡದಲ್ಲಿ.
ಎರಡನ್ನೂ ನುಂಗಿದ ಗಂಟಲಿಗೆ
ಯಾವ ಜರಡಿ ಹಿಡಿಯಲಿ ಸ್ವಾಮಿ?

ನಿನ್ನೆ ಇನ್ನೊಂದು ಕೇಳಿದರು.
ಏನೂ ಮಾತಾಡದೆ ಮೂವತ್ತು ಸೆಕೆಂಡು ಕಳಿಸಿ,
ಖಾಲಿ ಕೋಣೆಯ ಸದ್ದು ಬೇಕು,
ಮಾತಿನ ಸಂದಿಗೆ ತುಂಬಲು.
ದುಡ್ಡು ಕೊಟ್ಟು ನನ್ನನ್ನು ಸುಮ್ಮನಿರಿ ಅಂದವರು
ಇವರೇ ಮೊದಲು.

ಕರೆಂಟು ಹೋಯಿತು. ಕೂತೆ. ಗುಂಡಿ ಒತ್ತಿದೆ.
ಆಮೇಲೆ ಹೆಡ್‌ಫೋನು ಹಾಕಿ ಕೇಳಿದೆ.
ಏನೂ ಇಲ್ಲ.
ಏನೂ ಇಲ್ಲದರ ತಳದಲ್ಲಿ ಎಲೆ ಮೇಯುವ ಸಣ್ಣ ಸರಸರ—
ಹುಳು ಬಿಟ್ಟು ನಾಲ್ಕು ವರ್ಷವಾಯಿತು, ಅದು ನನ್ನದೇ ರಕ್ತವಿರಬೇಕು.
ಹದಿನೇಳನೆಯ ಸೆಕೆಂಡಿಗೆ ಬಾಗಿಲಾಚೆ ಒಂದು ಬಳೆ,
ಥಟ್ಟನೆ ಅದನ್ನು ಅದುಮಿ ಹಿಡಿದ ಇನ್ನೊಂದು ಕೈ.
ಅವಳು ಅಲ್ಲೇ ನಿಂತಿದ್ದಾಳೆ,
ಒಲೆಯ ಮೇಲಿನ ಹಾಲನ್ನು ದೂರದಿಂದಲೇ ಗದರಿಸುತ್ತ.

ಅಳಿಸಬಹುದಿತ್ತು.
ಅಳಿಸುವುದನ್ನು ಅವಳೇ ಕಲಿಸಿಕೊಟ್ಟದ್ದು.
ಹಾಗೇ ಕಳಿಸಿದೆ.

ಅಷ್ಟರಲ್ಲಿ ಕರೆಂಟು ಬಂತು, ಗೋಡೆಯಾಚೆ ರಾಟೆ.
"ಹಾಲು ಉಕ್ಕಿತೇನೇ?" ಅಂದೆ,
ಆಟೋದ ಹಿಂದಿನ ಸೀಟಿನ ಗಂಟಲಲ್ಲೇ.