ಎತ್ತಿ ದೂಡುವ ಬಾಗಿಲು

ಮನೆ ಹುಡುಕೋದು ನನ್ನ ಕೆಲಸ.
ಇರೋದಕ್ಕಲ್ಲ, ನಗಿಸೋದಕ್ಕೆ.
ವಾರಕ್ಕೆ ಐದು ಸಂಜೆ, ಇಪ್ಪತ್ತೆರಡು ನಿಮಿಷ,
ತಿಪ್ಪೇಶಿ ಎಂಬ ಸುಳ್ಳುಗಾರ
ಬೀದಿಯಲ್ಲಿ ಸುಳ್ಳು ಹೇಳಿ ಒಳಗೋಡಲು
ಒಂದು ಬಾಗಿಲು ಬೇಕಿತ್ತು.

ಎಕ್ಸೆಲ್ ಗಾಡಿಯಲ್ಲಿ ದಾವಣಗೆರೆ ಅಳೆದೆ.
ವಿದ್ಯಾನಗರದ ಗ್ರಾನೈಟಿನಲ್ಲಿ
ಕ್ಯಾಮೆರಾದವನ ಹೊಟ್ಟೆಯೇ ಕಾಣುತ್ತಿತ್ತು.
ಮಂಡಕ್ಕಿ ಭಟ್ಟಿ ಸಾಲಿನಲ್ಲಿ ಮನೆ ಚೆಂದವಿತ್ತು,
ಹೊಗೆಗೆ ಹೀರೋಯಿನ್ ಕೆಮ್ಮಿದಳು,
ಕೆಮ್ಮು ಸ್ಕ್ರಿಪ್ಟಿನಲ್ಲಿರಲಿಲ್ಲ.
ಹತ್ತಿ ಮಿಲ್ಲಿನ ಹಿಂದೊಂದು ವಠಾರ:
ಏಳು ಜನ ಅಣ್ಣತಮ್ಮಂದಿರು,
ಒಬ್ಬ ಸಹಿ ಹಾಕಿದರೆ ಆರು ಮಂದಿ ಕೋರ್ಟಿಗೆ.

ಕೊನೆಗೆ ರೈಲ್ವೆ ಗೇಟಿನ ಬಗಲಿಗೆ
ಟೇಲರ್ ದಾದಾಪೀರನ ನೀಲಿ ಬಾಗಿಲು.
ತಟ್ಟಿದೆ. ಒಳಗಿಂದ ದನಿ:
"ಬರೇ ದೂಡಬ್ಯಾಡ್ರಿ, ಎತ್ತಿ ದೂಡ್ರಿ."
ಎತ್ತಿ ದೂಡಿದೆ.
ಅಲ್ಲೇ ಗೊತ್ತಾಯ್ತು.

ದಿನಕ್ಕೆ ಎರಡು ಸಾವಿರ, ಮಧ್ಯಾಹ್ನದ ಊಟ,
ಆಕ್ಷನ್ ಅಂದಾಗ ಮಷೀನು ತುಳಿಯಬಾರದು.
ದಾದಾಪೀರ್ ಒಪ್ಪಿದ.
ಶಮೀಮ್ ಬಾನು ಒಪ್ಪಲಿಲ್ಲ,
ಆದರೂ ಪರದೆ ಒಗೆದು ಹಾಕಿದಳು.
ಹೊರಗಿನದಷ್ಟೇ ಅಲ್ಲಿ. ಒಳಗಿನ ಸೀನೆಲ್ಲ
ಮಂಡಿಪೇಟೆಯ ಮೆಕ್ಕೆಜೋಳದ ಗೋದಾಮಿನಲ್ಲಿ.
ಹೊಸ್ತಿಲು ದಾಟಲು ತಿಪ್ಪೇಶಿಗೆ ಎರಡು ಕಿಲೋಮೀಟರು.

ಎಪ್ಪತ್ತು ಎಪಿಸೋಡು.
ತಿಪ್ಪೇಶಿಯ ಹೆಸರಿಗೆ ಆ ವಿಳಾಸಕ್ಕೆ ಲಗ್ನಪತ್ರಿಕೆ ಬಂದವು.
ಹರಿಹರದವನೊಬ್ಬ "ತಿಪ್ಪೇಶಿ ಅದಾನೇನ್ರಿ?" ಅಂತ ಬಂದು
ಪ್ಯಾಂಟಿನ ಅಳತೆ ಕೊಟ್ಟು ಹೋದ.

ಆದರೆ ಗೇಟು.
ಗೇಟು ಬಿತ್ತೆಂದರೆ ಊರೇ ನಿಲ್ಲುತ್ತದೆ,
ಹಾರ್ನು ನಿಲ್ಲೋದಿಲ್ಲ.
ಜೋಕಿನ ತುದಿಗೆ ಸರಿಯಾಗಿ ಗೂಡ್ಸು.
ಐವತ್ತೆಂಟು ಡಬ್ಬಿ ಸಾಗುವಷ್ಟರಲ್ಲಿ
ತಿಪ್ಪೇಶಿಗೆ ಮಾತು ಮರೆತು, ಪೌಡರು ಇಳಿದು,
ಲೈಟಿನವನು ಮಿರ್ಚಿಗೆ ಹೋಗಿ,
ಸೌಂಡಿನ ಹುಡುಗ ಹೆಡ್‌ಫೋನು ಕಿತ್ತು
ನನ್ನ ಕಡೆ ನೋಡುತ್ತಿದ್ದ,
ಗೂಡ್ಸು ನಾನೇ ಕರೆಸಿದ ಹಾಗೆ.

ಚಾನೆಲಿನಿಂದ ಫೋನು:
ಜಾಗ ಬದಲಿಸಿ, ಬಾಗಿಲು ಬದಲಿಸಬೇಡಿ,
ನೋಡೋರಿಗೆ ಗೊತ್ತಾಗಬಾರದು.

ಮೂರು ಸಾವಿರಕ್ಕೆ ಕೊಂಡೆ, ಚೌಕಟ್ಟು ಸಮೇತ.
ಸ್ಕ್ರೂಡ್ರೈವರು ದಾದಾಪೀರನೇ ತಂದುಕೊಟ್ಟ.
ಕಿತ್ತ ಮೇಲೆ ಗೋಡೆಯಲ್ಲೊಂದು ಬಾಯಿ,
ಅದರೊಳಗೆ ಹೊಲಿಗೆ ಮಷೀನು, ತೋಳಿಲ್ಲದ ಶೇರ್ವಾನಿ,
ಒಲೆಯ ಮೇಲೆ ಉಕ್ಕುತ್ತಿದ್ದ ಚಾ.
ಎಪ್ಪತ್ತು ಎಪಿಸೋಡಿನಲ್ಲಿ ನಾವ್ಯಾರೂ ನೋಡದ ಮನೆ.
ಆಟೋದ ಮೇಲೆ ಬಾಗಿಲು ಮಲಗಿಸಿ
ವಿನೋಬನಗರಕ್ಕೆ ಹೊರಟೆವು.

ಅಲ್ಲಿ ಬಡಿಗೇರ ಕೊಟ್ರೇಶಿ ತಳ ಹೆರೆದ,
ಕೀಲಿಗೆ ಎಣ್ಣೆ ಬಿಟ್ಟ,
ಬೆರಳು ತಾಗಿದರೆ ತೆರೆಯುವಂತೆ ಕೂರಿಸಿದ.
ಮೊದಲ ಟೇಕು. ತಿಪ್ಪೇಶಿ ಓಡಿ ಬಂದು
ಎತ್ತಿ ದೂಡಿದ,
ಎತ್ತಿದ ಜೋರಿಗೆ ಒಳಗೆ ಹೋಗಿ ಬಿದ್ದ.
ಯೂನಿಟ್ಟೆಲ್ಲ ನಕ್ಕಿತು.
ಅದನ್ನೇ ಇಟ್ಟುಕೊಂಡರು.
ಈಗ ದಿನಾ ಬೀಳುತ್ತಾನೆ.

ಮೊನ್ನೆ ಗೇಟು ಬಿದ್ದಿತ್ತು. ಗಾಡಿ ಆಫ್ ಮಾಡಿ ನಿಂತೆ.
ಎದುರಿಗೆ ದಾದಾಪೀರನ ಮನೆ,
ತಗಡಿನ ಹೊಸ ಬಾಗಿಲು, ಹಸಿರು.
ಶಮೀಮ್ ಬಾನು ಕೊಡ ಸೊಂಟಕ್ಕೇರಿಸಿ ಬಂದಳು,
ಬಲಗೈಯಲ್ಲಿ ಬಾಗಿಲು ಎತ್ತಿದಳು,
ಎತ್ತಲು ಏನೂ ಇರಲಿಲ್ಲ,
ದೂಡಿದಳು.
ನೀರು ಚೆಲ್ಲಿತು.
ಯಾರನ್ನೋ ಬೈದಳು. ನನ್ನನ್ನೇ ಇರಬೇಕು.

ಗೂಡ್ಸು ಬಂತು. ಡಬ್ಬಿ ಎಣಿಸುತ್ತ ನಿಂತೆ.
ನಲವತ್ತೊಂದರಲ್ಲಿ ಲೆಕ್ಕ ತಪ್ಪಿತು.