ಮೂರು ನಾಲಿಗೆ

ನೌಬಾದಿನ ಶೆಡ್ಡಿನೊಳಗೆ ನಮ್ಮದೊಂದು ವಿಮಾನ.
ರೆಕ್ಕೆಗೆ ತಗಡಿಲ್ಲ, ಗಾಲಿಗೆ ನೆಲವಿಲ್ಲ,
ಬರೀ ಎಲುಬು.
ಹಾರುತ್ತಿದ್ದೇನೆಂದು ಅದನ್ನು ನಂಬಿಸುವುದು ನನ್ನ ಕೆಲಸ,
ನಂಬಿದ ಮೇಲೆ ಒಂದೊಂದೇ ತಂತಿ ಕೀಳುವುದು.

ಇಲ್ಲಿ ಕೋಲು ಜಗ್ಗಿದರೆ ಯಾವ ಸರಳೂ ಜಗ್ಗುವುದಿಲ್ಲ.
ಕೈ ಬರೀ ಕೇಳಿಕೊಳ್ಳುತ್ತದೆ.
ಮೂರು ಗಣಕ ಲೆಕ್ಕ ಹಾಕುತ್ತವೆ,
ಎರಡು ಒಪ್ಪಿದ್ದೇ ಬಾಲಕ್ಕೆ ಅಪ್ಪಣೆ,
ಮೂರನೆಯದರ ಬಾಯಿಗೆ ಬೀಗ.

ಸೋಮವಾರ, ನಾನೂರ ಹನ್ನೆರಡನೇ ಪರೀಕ್ಷೆ.
ವೇಗ ಅಳೆಯುವ ನಳಿಗೆಗೆ ಲೆಕ್ಕದಲ್ಲೇ ಮಂಜು ಕಟ್ಟಿಸಿದೆ,
ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು.
ಎರಡು ಗಣಕ ಮೂಗು ಎತ್ತು ಅಂದವು.
ಒಂದು, ಬೇಡ ಅಂದಿತು.
ಎತ್ತಿತು.
ಪರದೆಯ ತುಂಬ ನೆಲ ಬಂತು,
ಆಮೇಲೆ ಚಹಾ ಬಂತು.

ಚೌಬಾರಾದ ಹಿಂದಿನ ಓಣಿಯಲ್ಲಿ ನನ್ನ ಕೋಣೆ,
ಕೆಳಗೆ ಖೈರುಲ್ಲಾ ಚಾಚಾನ ಬಿದ್ರಿ ಕೆಲಸ.
ರಾತ್ರಿ ಇಳಿದಾಗ ಕೋಟೆಯ ಮಣ್ಣಿನ ಚೀಲ ಬಿಚ್ಚಿತ್ತು,
ಮಳೆ ಬಿಸಿಲು ಕಾಣದ ಮೂಲೆಯದು.
ಚಿಟಿಕೆ ನಾಲಿಗೆಗೆ ಇಟ್ಟ. ಮಗ ಇಟ್ಟ. ಸೊಸೆ ಇಟ್ಟಳು.
ಛಲೋ ಅದ, ಅಂದರು ಮೂವರೂ.
ನನಗೂ ಕೊಟ್ಟ. ನಾನೂ ಛಲೋ ಅಂದೆ.

ಚಾಚಾ ಉಗಿದ.
"ಎಲ್ಲಾರೂ ಒಂದೇ ಹಂಡಿದು ಹುಣಸಿ ಸಾರು ಉಂಡೀವಿ.
ಒಂದೇ ಸಾರು ಉಂಡ ನಾಲಿಗಿ ಒಂದೇ ಸುಳ್ಳ ಹೇಳ್ತಾವ.
ಮಾಣಿಕಮ್ಮಗ ಕರೀರಿ. ಆಕೀದು ಇವತ್ತ ಉಪವಾಸ."

ಮಣ್ಣು ತಿಂದರ ಉಪವಾಸ ಮುರೀತದೇನು,
ಗೊಣಗುತ್ತ ಬಂದಳು ಮಾಣಿಕಮ್ಮ, ಕೈ ಒರೆಸುತ್ತ.
ಇಟ್ಟಳು. ನಿಂತಳು.
"ಬರೇ ಮಣ್ಣ," ಅಂದಳು, ಹೋದಳು.
ಚೀಲ ಹಿತ್ತಲಿಗೆ ಹೋಯಿತು.
ಬೆಳ್ಳಿ ತಂತಿ ಕೂತ ಸುರಾಯಿ
ಕಪ್ಪಾಗದೆ ಕಪಾಟಿಗೆ ಮರಳಿತು.

ಮೇಲೆ ಬಂದು ಕಡತ ಬಿಚ್ಚಿದೆ.
ಎರಡು ತಂಡ, ಎರಡು ಊರು,
ಬರೆದ ಪ್ರೋಗ್ರಾಮೂ ಬೇರೆ ಬೇರೆ ಭಾಷೆ.
ಕೊನೆಯ ಪುಟದಲ್ಲಿ ಮಾತ್ರ ಒಂದೇ ಕೋಷ್ಟಕ,
ಒಂದೇ ಜಾಗದಲ್ಲಿ ಜಾರಿದ ದಶಾಂಶದ ಚುಕ್ಕೆ.
ಮೂರನೆಯದನ್ನು ಬರೆದವಳು ಶಹಾಪುರದ ಗುರುಬಾಯಿ.
ಆ ಕೋಷ್ಟಕ ಅವಳಿಗೆ ತಲುಪಿರಲೇ ಇಲ್ಲ.
ಎರಡು ಸಲ ಕೇಳಿ, ಬೇಸತ್ತು,
ತಾನೇ ಕೂತು ಗುಣಿಸಿದ್ದಳು.

ನಾಲ್ಕು ತಿಂಗಳಿಂದ ಅವಳನ್ನೇ
ತಂಟೆಕೋರ ಗಣಕದ ತಾಯಿ ಎಂದು ನಕ್ಕಿದ್ದೆವು.

ಸಹಿಯ ಜಾಗ ಖಾಲಿ ಬಿಟ್ಟು ಫೋನ್ ಹಚ್ಚಿದೆ.
ಹನ್ನೊಂದೂವರೆ. ನಿದ್ದೆಗಣ್ಣಿನ ದನಿ:
"ಊಟ ಆತೇನ್ರಿ ಮೇಡಂ?"
ಆಗ್ಯದ ಗುರುಬಾಯಿ, ಅಂದೆ,
ಅದೇ ತ್ರಾಸ ಆಗ್ಯದ.