ಎಣ್ಣಿ ಕುಡಿಯೋ ಚಂಡು

ಉದ್ಯಮಬಾಗದಾಗ ಮೂವತ್ತೊಂದು ವರ್ಷ
ಪಂಪಿನ ಹೊಟ್ಟಿಗೆ ತೂತು ಕೊರದಾಂವ ನಾ.
ಬೀಡು ಒಣಾನ ಕೊರೀಬೇಕು, ಉಕ್ಕಿಗೆ ಎಣ್ಣಿ ಬೇಕು,
ಹಿತ್ತಾಳಿಗೆ ಸಬೂರಿ.
ಇಷ್ಟ ನನ್ನ ವಿದ್ಯಾ.

ನಮಿತಾ ಪಾಚ್ಛಾಪುರೆ ಒಂದಿನ ಸ್ಕೂಟಿ ಮ್ಯಾಲ
ಟವಲ್ಲಿನಾಗ ಸುತ್ತಿ ತಂದಳು, ಬಾಣಂತನದ ಕೂಸಿನಂಗ:
ಹದಿನೈದು ಪೌಂಡು, ನೇರಳಿ ಬಣ್ಣ,
ನಡುನಡುವ ಹೊಗಿ ತೇಲಿದಂಗ.
ಒಂದೂ ತೂತಿಲ್ಲ.
"ಭರಮಣ್ಣ, ನನ್ನ ಬೆರಳಿನ ಅಳತಿಗೆ ಮೂರು ಕೊರದಕೊಡು.
ಪುಣೆಕ ಕಳಿಸಿದ್ರ ತಿಂಗಳ ಹಿಡೀತೈತಿ."

ಮೇಜಿನ ಮ್ಯಾಲ ಉಳ್ಳಿಸಿ ನೋಡಿದೆ.
ತುಸು ಹೋಗಿ, ಅನುಮಾನ ಮಾಡಿ,
ಒಂದ ಮಗ್ಗಲಕ ವಾಲಿ ನಿಂತಿತು.
ಒಳಗ ಏನೋ ಕುಂತೈತಿ ಅಂದೆ.
ಕೋರು, ಅಂದಳು.
ನಮ್ಮ ಫೌಂಡ್ರಿಯೊಳಗ ಕೋರು ಅಂದ್ರ ಉಸುಕು;
ಕಬ್ಬಿಣ ಹೊಯ್ದು ಆರಿದ ಮ್ಯಾಲ ಬಡದು ಉದರಸ್ತೀವಿ,
ಉಳಿಯೂದು ಟೊಳ್ಳು.
ಇದರಾಗ ಕೋರ ಭಾರ.
ನಂಗ ಅವತ್ತ ರಾತ್ರಿ ಊಟದಾಗ ಮನಸಿರಲಿಲ್ಲ.

ಹೆಬ್ಬೆರಳಿನ ತೂತು ಕೂದಲೆಳಿ ದೊಡ್ಡದಾತು.
ಟೇಪ್ ಹಚ್ಚಿ ಸರಿ ಮಾಡಿಕೊಂಡಳು, ಬೈಲಿಲ್ಲ.
"ಬಾ, ಓಡೂದು ನೋಡು" ಅಂದಳು.

ಹಿಂದವಾಡಿಯ ನೆಲಮಾಳಿಗಿ, ಆರು ಲೇನು.
ಯಲ್ಲೋಜಿ ಮಷೀನ್ ತಳ್ಳಿ ಎಣ್ಣಿ ಬಳದಿದ್ದ,
ಅರವತ್ತು ಫೂಟು ಹಲಗಿಯಾಗ ನಲವತ್ತಕ್ಕ ಅಷ್ಟ;
ನಡುವ ದಪ್ಪ, ಅಂಚಿಗೆ ಬಡತನ.
ಆಕಿ ಬಿಟ್ಟಳು.
ಚಂಡು ಬಲಕ ಹೋತು, ಹೋತು,
ಗಟಾರದ ತುಟಿ ತನಕ,
ಹೋತು ಬಿಡು ಅಂತ ನಾ ಕಣ್ಣ ಮುಚ್ಚಬೇಕು,
ಒಣಾ ಹಲಗಿ ಸಿಕ್ಕದ್ದ ತಡ, ಹಲ್ಲೂರಿ ತಿರುಗಿತು.
ಹತ್ತೂ ಗೂಟ ಒಂದ ಸಪ್ಪಳದಾಗ.
ತಪ್ಪಿ ಒಳಗ ಬಿಟ್ಟರ ಎಣ್ಣಿ ಕಾಯ್ತಿತ್ತು,
ತಪ್ಪಿ ಹೊರಗ ಬಿಟ್ಟರ ಒಣಾ ಎಳದು ತರತಿತ್ತು.
ಯಾರ ಒಗದರೂ ಚೊಲೋ ಒಗದಂಗ ಕಾಣೂ ಹಲಗಿ.

ಐತವಾರ ಸ್ಪರ್ಧಾ. ಕೊಲ್ಹಾಪುರದವರು, ಹುಬ್ಬಳ್ಳಿಯವರು,
ಕೈಗೆ ಪಟ್ಟಿ, ಚಂಡಿಗೆ ಚೀಲ, ಚೀಲಕ್ಕ ಗಾಲಿ.
ಯಲ್ಲೋಜಿ ಆ ಅಂಚಿನಿಂದ ಈ ಅಂಚಿಗೆ
ಎಣ್ಣಿ ಸಮಾ ಬಳದು ದೂರ ನಿಂತ.
ಅದ ಚಂಡು. ಅದ ಕೈ. ನಾ ಕೊರದ ಅದ ತೂತು.
ಬಲಕ ಹೋತು,
ತಿರುಗಿ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲಾರ ಚಂಡೂ ಕುಡದು ಕುಡದು
ಮುಂದಿನ ಹಲಗಿ ಬರಡಾದವು.
ಈಗ ನೇರಳಿ ಚಂಡಿಗೆ ಅವಸರ,
ಮೂವತ್ತು ಫೂಟಿಗೇ ತಿರುಗಿ,
ಇದ್ದ ಶಕ್ತಿ ದಾರ್ಯಾಗ ಖರ್ಚು ಮಾಡಿ,
ಗೂಟದ ಮುಂದ ಮಾತ ಮರತಂಗ ನಿಂತೀತೇನೋ ಅನಸ್ತು.
ಮೂಲ್ಯಾಗಿನ ಹತ್ತನೇ ಗೂಟ
ಪ್ರತಿ ಸಲ ಅಲ್ಲೇ ನಿಂತು ನೋಡತಿತ್ತು.

ನಮಿತಾ ರ್‍ಯಾಕಿನಿಂದ ಹಳೇ ಚಂಡು ತೆಗದಳು,
ಬರ್ತ್‌ಡೇ ಹುಡುಗರದು, ನೀಲಿ, ಅಂಚು ಚಕ್ಕಿ ಎದ್ದದ್ದು.
ಎಣ್ಣಿ ಕುಡಿಯೂದಿಲ್ಲ ಅದು, ಯಾವ ಆಸೀನೂ ಇಲ್ಲ.
ಗೆರಿ ಹೊಡದಂಗ ಹೋಗಿ ಗೂಟ ಬೀಳಿಸಿ
ಸುಮ್ಮ ಕೆಳಗ ಇಳೀತು.
ಏಳನೇ ನಂಬರ ಬಂದಳು. ಹನ್ನೊಂದು ಮಂದಿಯೊಳಗ.
"ತೂತದಾಗೇನರ ತಪ್ಪಾಗೇತೇನ?" ಅಂದೆ.
ತಲಿ ಅಲ್ಲಾಡಿಸಿದಳು. ಯಾವ ಕಡೆ ಅಂತ ತಿಳೀಲಿಲ್ಲ.

ಸೋಮವಾರ ಶಾಪಿನಾಗ
ಬಕೀಟಿನ ಬಿಸಿನೀರಾಗ ಚಂಡು ಮುಳಗಿಸಿದೆ.
ತುಸು ಹೊತ್ತಿಗೆ ಮೈಯೆಲ್ಲಾ ಬೆವರು,
ಬೆವರಲ್ಲ, ಎಣ್ಣಿ; ನೀರ ಮ್ಯಾಲ ಬಣ್ಣಬಣ್ಣದ ಪರೆ.
ಇದರಾಗ ಯಾವ ಹನಿ ಗೆದ್ದದ್ದು, ಯಾವ ಹನಿ ಸೋತದ್ದು?
ಒರಸಿದೆ. ಮತ್ತ ಬಂತು. ಮತ್ತ ಒರಸಿದೆ.

"ಮುಂದಿನ ವಾರ ಯಾವ ನಂಬರಿನ ಪಾಲೀಸ್ ಪೇಪರ್ ತಿಕ್ಕಲಿ?
ಖರಬರ ಇರಲೋ, ನುಣ್ಣಗ ಮಾಡಲೋ?"
ಹೆಲ್ಮೆಟ್ ಹಾಕ್ಕೋತ ಅಂದಳು:
"ಯಲ್ಲೋಜೀನ ಕೇಳು, ಎಣ್ಣಿ ಎಲ್ಲಿತನಕ ಬಳೀತಾನ ಅಂತ.
ಹೇಳೂದಿಲ್ಲ ಅಂವ."